ಸಹಾಯ ಬೇಕು: ಸಿಗರೇಟು ಬಿಟ್ಟು 47 ದಿನ, ಮಳೆಗಾಲಕ್ಕೆ ಜೊತೆಗಾರರು ಬೇಕಾಗಿದ್ದಾರೆ

ಎಲ್ಲರಿಗೂ ನಮಸ್ಕಾರ. ಮಡಿಕೇರಿ ಸಮೀಪದ ಕಾಫಿ ತೋಟವೊಂದರಲ್ಲಿ ರೈಟರ್ (ತೋಟದ ಲೆಕ್ಕ, ಹಾಜರಿ ಬರೆಯುವ ಕೆಲಸ) ಆಗಿರುವ ನಾನು, ಹದಿನೆಂಟು ವರ್ಷ ದಿನಕ್ಕೊಂದು ಪ್ಯಾಕ್‌ನಂತೆ ಸೇದುತ್ತಿದ್ದ ಸಿಗರೇಟನ್ನು ಬಿಟ್ಟು ಇಂದಿಗೆ 47 ದಿನಗಳಾದವು. ತಂಬಾಕು ತ್ಯಜಿಸುವವರಿಗಾಗಿ ಇರುವ 1800-11-2356 ಉಚಿತ ಸಹಾಯವಾಣಿಗೆ ಕರೆ ಮಾಡಿದ್ದು ನಿಜಕ್ಕೂ ಉಪಯೋಗವಾಯಿತು. ಸೇದಬೇಕೆಂಬ ತುಡಿತ ಬಂದಾಗ ನೀರು ಕುಡಿದು, ನಾಲ್ಕು ಹೆಜ್ಜೆ ನಡೆದು, ಕೆಲವು ನಿಮಿಷ ತಡೆದುಕೊಂಡರೆ ಅದು ತಾನಾಗಿ ಇಳಿಯುತ್ತದೆ ಎಂಬುದನ್ನು ಸ್ವತಃ ಕಂಡುಕೊಂಡಿದ್ದೇನೆ.

ಕಷ್ಟವೆಲ್ಲ ಬೆಳಿಗ್ಗೆ ಹತ್ತರ ಬೆಲ್ಲದ ಕಾಫಿಯ ಹೊತ್ತಿನದು. ಲೋಟ ಬಲಗೈಗೆ ಬಂದೊಡನೆ ಎಡಗೈ ಅಂಗಿಯ ಜೇಬು ತಡಕುತ್ತದೆ. ಈಗ ಅಲ್ಲಿರುವುದು ನಾಲ್ಕು ಏಲಕ್ಕಿ ಮಾತ್ರ. (ಕಾಫಿಯನ್ನೇ ಬಿಡಿ ಎಂದು ದಯವಿಟ್ಟು ಹೇಳಬೇಡಿ, ಕೊಡಗಿನಲ್ಲಿ ಅದು ಆಗದ ಮಾತು.) ಇಷ್ಟು ದಿನ ಸಂಜೆ ರಾಜಾಸೀಟಿನವರೆಗೆ ಬಿರುಸಾಗಿ ನಡೆಯುತ್ತಿದ್ದೆ, ಮಳೆ ಹಿಡಿದ ಮೇಲೆ ಅದೂ ನಿಂತು, ಮನೆಯೊಳಗೆ ಕುಳಿತಷ್ಟೂ ಚಡಪಡಿಕೆ ಹೆಚ್ಚುತ್ತಿದೆ.

ಹೀಗಾಗಿ, ಧೂಮಪಾನ ಬಿಟ್ಟು ವರ್ಷ ಕಳೆದವರು ಅಥವಾ ನನ್ನಂತೆ ಈಗಷ್ಟೇ ಬಿಟ್ಟವರು ಭಾನುವಾರಗಳಂದು ಮಡಿಕೇರಿಯಲ್ಲಿ ಒಂದು ಗಂಟೆ ಸೇರಲು ಸಾಧ್ಯವೇ ಎಂದು ತಿಳಿಸಬೇಕಾಗಿ ಕೋರುತ್ತೇನೆ. ಮನೆಯೊಳಗೇ ಮಾಡಬಹುದಾದ ವ್ಯಾಯಾಮಗಳನ್ನೂ, ಮದುವೆಮನೆಯಲ್ಲಿ “ಒಂದೇ ಒಂದು ದಮ್ಮು” ಎನ್ನುವ ನೆಂಟರಿಗೆ ಮನಸ್ಸು ನೋಯದಂತೆ ಉತ್ತರಿಸುವ ಬಗೆಯನ್ನೂ ಅನುಭವವುಳ್ಳವರು ಬರೆದರೆ ಉಪಕಾರವಾಗುತ್ತದೆ.