28 ಎಂಎಂ ಹಾಪ್ಲೈಟ್ ಪಡೆ: ಗುರಾಣಿಯ ಡೆಕಲ್ ಸುಕ್ಕು, ಬೇಸ್ ದೋಣಿ. ತಪ್ಪೆಲ್ಲಿ?

ಹೊಸಕುಂಚ:

ಪುಟ್ಟ ಸೈನಿಕ ಬೊಂಬೆಗಳಿಗೆ (ಫಿಗರ್) ಬಣ್ಣ ಹಚ್ಚುವುದನ್ನು ಬಲ್ಲವರು ದಯವಿಟ್ಟು ತಿಳಿಸಿ. ಅಥೆನ್ಸ್, ಸ್ಪಾರ್ಟಾ ನಡುವಿನ ಪೆಲೊಪೊನೀಸಿಯನ್ ಯುದ್ಧದ ಕಾಲದ (ಕ್ರಿ.ಪೂ. 431–404) ಅಥೆನ್ಸ್ ಪಡೆ ಕಟ್ಟುತ್ತಿದ್ದೇನೆ. 28 ಎಂಎಂ ಪ್ಲಾಸ್ಟಿಕ್ ಹಾಪ್ಲೈಟ್‌ಗಳು (ಗುರಾಣಿ, ಈಟಿ ಹಿಡಿದ ಗ್ರೀಕ್ ಕಾಲಾಳು) ಒಟ್ಟು 48. ಡಿಬಿಎ ಎಂಬ ಬೊಂಬೆ ಯುದ್ಧದಾಟದ ನಿಯಮಕ್ಕೆ ಸರಿಯಾಗಿ 60×20 ಎಂಎಂ ಬೇಸ್‌ಗೆ (ಬೊಂಬೆ ನಿಲ್ಲಿಸುವ ಹಲಗೆ) ನಾಲ್ಕು. ಮೊದಲ 12 ಮುಗಿದಿವೆ, ಹತ್ತಿರದಿಂದ ನೋಡುವ ಹಾಗಿಲ್ಲ.

ಗುರಾಣಿಗೆ ಹಾಕಿದ ನೀರಿನ ಡೆಕಲ್ (ನೀರಲ್ಲಿ ನೆನೆಸಿ ಅಂಟಿಸುವ ಚಿತ್ರ) ಅಂಚಿನಲ್ಲಿ ಸುಕ್ಕುಗಟ್ಟುತ್ತದೆ, ಒಣಗಿದ ಮೇಲೆ ಕೆಳಗೆ ಬೆಳ್ಳಿಯ ಹಾಗೆ ಮಿನುಗುತ್ತದೆ. ಲಿನನ್ ಕವಚಕ್ಕೆ ಕಪ್ಪು ಪ್ರೈಮರ್ (ಮೊದಲ ಲೇಪ) ಮೇಲೆ ಐದು ಕೋಟ್ ಬಿಳಿ ಕೊಟ್ಟರೂ ಸುಣ್ಣ ಮೆತ್ತಿದ ಗೋಡೆಯಂತೆ ಗಂಟುಗಂಟು. ಮ್ಯಾಟ್ ವಾರ್ನಿಶ್ ಹೊಡೆದ ಮೇಲೆ ಶಿರಸ್ತ್ರಾಣದ ಹೊಳಪೇ ಹೋಯಿತು, ಎರಡು ಫಿಗರ್ ಮೇಲೆ ಬಿಳಿ ಮಂಜು ಕೂತಿದೆ. 2 ಎಂಎಂ ಎಂಡಿಎಫ್ (ಮರದ ನಾರಿನ ಹಲಗೆ) ಬೇಸ್ ಮರಳು ಹಾಕಿ ಒಣಗಿಸಿದ ಮೇಲೆ ದೋಣಿಯಂತೆ ಬಾಗಿದೆ.

ಇನ್ನೊಂದು ಪ್ರಶ್ನೆ: ಎಲ್ಲ ಗುರಾಣಿಗೂ ಅಥೆನ್ಸ್‌ನ ಗುರುತಾದ ಗೂಬೆ, ಎಲ್ಲ ಅಂಗಿಗೂ ನೀಲಿ ಅಂದುಕೊಂಡಿದ್ದೇನೆ. ಸರಿಯಾ?

ತಾಮ್ರಪತ್ರ:

ಡೆಕಲ್‌ನಿಂದಲೇ ಶುರು ಮಾಡೋಣ. ಮೇಜಿನ ಆ ಕಡೆ ನಿಂತವರಿಗೆ ನಿಮ್ಮ ಪಡೆಯಲ್ಲಿ ಕಾಣುವುದು ಗುರಾಣಿ, ಶಿರಸ್ತ್ರಾಣ, ಬೇಸಿನ ಅಂಚು, ಇಷ್ಟೇ. ಕಣ್ಣು ಬರೆಯಲು ಹೋಗಬೇಡಿ. ಶಿರಸ್ತ್ರಾಣದ ಕಣ್ಣಿನ ತೂತಿಗೆ ಕಡು ಕಂದು ಇಳಿಸಿದರೆ ಮುಗಿಯಿತು.

ನಿಮ್ಮಲ್ಲಿ ಎರಡು ಬೇರೆ ಬೇರೆ ತಪ್ಪುಗಳಿವೆ. ಮಿನುಗುವುದು ಗಾಳಿಯಿಂದ. ಮ್ಯಾಟ್ ಬಣ್ಣದ ಮೇಲ್ಮೈ ತರಿತರಿ, ಡೆಕಲ್ ಆ ತರಿಗಳ ತುದಿಯ ಮೇಲಷ್ಟೇ ಕೂರುತ್ತದೆ, ಸಂದಿಯಲ್ಲಿ ಗಾಳಿ ಉಳಿಯುತ್ತದೆ. ಸುಕ್ಕು ಬರುವುದು ಆಕಾರದಿಂದ: ಹಾಳೆಯನ್ನು ಚೆಂಡಿಗೆ ಸುತ್ತಿದರೆ ಮಡಿಕೆ ಬೀಳಲೇಬೇಕು, ಹಾಪ್ಲೈಟ್ ಗುರಾಣಿ ಕವುಚಿಟ್ಟ ಬೋಗುಣಿ.

ಗುರಾಣಿಯನ್ನು ಕೈಗೆ ಅಂಟಿಸುವ ಮೊದಲೇ ಕೆಲಸ ಮುಗಿಸಿ. ಕಡ್ಡಿಯ ತುದಿಗೆ ಎರಡು ಬದಿ ಅಂಟಿರುವ ಟೇಪ್ ಸುತ್ತಿ ಗುರಾಣಿ ಕೂರಿಸಿ. ಮೂಲ ಬಣ್ಣ ಒಣಗಿದ ಮೇಲೆ ಗ್ಲಾಸ್ ವಾರ್ನಿಶ್ ಎರಡು ತೆಳು ಕೋಟ್. ಡೆಕಲ್ ಅನ್ನು ಚಿತ್ರದ ಅಂಚಿಗೇ ಕತ್ತರಿಸಿ. ಚಿತ್ರ ಇಲ್ಲದ ಕಡೆ, ಅಂಚಿನಿಂದ ಒಳಕ್ಕೆ 2 ಎಂಎಂ ಉದ್ದದ ನಾಲ್ಕು ಸೀಳು ಕೊಡಿ. ನೀರಿನಲ್ಲಿ 20–30 ಸೆಕೆಂಡ್ ಸಾಕು. ಜಾರಿಸಿ ಕೂರಿಸಿದ ಮೇಲೆ ಒದ್ದೆ ಕುಂಚದಿಂದ ನಡುವಿನಿಂದ ಅಂಚಿನ ಕಡೆಗೆ ನೀರು ತಳ್ಳಿ. ಆಮೇಲೆ ಡೆಕಲ್ ಮೆದುಮಾಡುವ ದ್ರವ ಹಚ್ಚಿ ಕೈ ಕಟ್ಟಿ ಕೂರಬೇಕು! ಮೊದಲ ನಿಮಿಷಗಳಲ್ಲಿ ಡೆಕಲ್ ಇನ್ನಷ್ಟು ಸುಕ್ಕಾದಂತೆ ಕಾಣುತ್ತದೆ. ಅಲ್ಲೇ ಎಲ್ಲರೂ ಗಾಬರಿಬಿದ್ದು ಬೆರಳಿಂದ ಒತ್ತಿ ಹರಿಯುವುದು. ಬಿಟ್ಟರೆ ತಾನೇ ಎಳೆದುಕೊಂಡು ಕೂರುತ್ತದೆ. ಪೂರ್ತಿ ಒಣಗಿದ ಮೇಲೆ ಸುಕ್ಕು ಉಳಿದಿದ್ದರೆ ಇನ್ನೊಂದು ಸುತ್ತು. ಗುಳ್ಳೆ ಇದ್ದರೆ ಸೂಜಿಯಿಂದ ಚುಚ್ಚಿ ಅದೇ ದ್ರವ ಒಂದು ಹನಿ. ಕೊನೆಯಲ್ಲಿ ಗುರಾಣಿಯ ಅಂಚುಪಟ್ಟಿಗೆ ಕಂಚಿನ ಬಣ್ಣ ಎಳೆದರೆ ಸೀಳಿನ ತುದಿಗಳೆಲ್ಲ ಮುಚ್ಚಿಹೋಗುತ್ತವೆ. ಅಂದಹಾಗೆ, ಮುಖ ಕೆಳಗೆ ಮಾಡಿ ಅಂಟಿಸಿ ಹಿಂದಿನ ಕಾಗದ ನೆನೆಸಿ ಜಾರಿಸುವ ಬಗೆಯೂ ಇದೆ. ಅದಕ್ಕೆ ಅಂಟು ಅದರಲ್ಲೇ ಇರುತ್ತದೆ, ಈ ದ್ರವದ ಆಟ ಅಲ್ಲಿ ನಡೆಯುವುದಿಲ್ಲ.

ಕವಚದ ಬಿಳಿ: ಕಪ್ಪಿನಿಂದ ಬಿಳಿಗೆ ಹೋಗುವ ಹಟ ಬಿಡಿ. ದೇಹಗಳಿಗೆ ಮೂಳೆ ಬಣ್ಣದ ಪ್ರೈಮರ್, 20–25 ಸೆಂ.ಮೀ. ದೂರದಿಂದ, ತೆಳುವಾಗಿ ಎರಡು ಸಲ. ಅದರ ಮೇಲೆ ಮಾಸಲು ಖಾಕಿ, ಸಂದುಗಳಿಗೆ ಮಾತ್ರ ನೀರಾದ ಕಂದು ವಾಶ್, ಉಬ್ಬುಗಳಿಗೆ ಕೆನೆ ಬಣ್ಣ ಎರಡು ತೆಳು ಕೋಟ್. ಅಪ್ಪಟ ಬಿಳಿ ಭುಜಪಟ್ಟಿಯ ಅಂಚಿಗೆ ಮತ್ತು ಕೆಳಗಿನ ಪಟ್ಟಿಗಳ ತುದಿಗೆ ಒಂದು ಗೆರೆ ಅಷ್ಟೇ. ವಾಶನ್ನು ಇಡೀ ಕವಚದ ಮೇಲೆ ಸುರಿದರೆ ಒಣಗುವಾಗ ಉಂಗುರ ಉಂಗುರ ಕಲೆ ನಿಲ್ಲುತ್ತದೆ, ಬಿಳಿಯ ಮೇಲೆ ಅದು ಎದ್ದು ಕಾಣುತ್ತದೆ.

ಕಂಚಿಗೆ ಅಡಿಯಲ್ಲಿ ಕಡು ಕಂದು, ಮೇಲೆ ಕಂಚಿನ ಲೋಹಬಣ್ಣ, ಕಂದು ವಾಶ್ (ಕಪ್ಪು ವಾಶ್ ಹಾಕಿದರೆ ಕಬ್ಬಿಣದ ಹಾಗಾಗುತ್ತದೆ), ನೆತ್ತಿಯ ಮೇಲೆ ಕಂಚಿಗೆ ಚೂರು ಬೆಳ್ಳಿ ಬೆರೆಸಿದ ಎರಡು ಗೆರೆ. ಹಸಿರು ಕಿಲುಬು ಹಾಕುವ ಚಟ ಕೆಲವರಿಗಿದೆ. ಅದು ನೆಲದಿಂದ ಅಗೆದು ತೆಗೆದ ಕಂಚಿನ ಬಣ್ಣ, ಉಜ್ಜಿ ಹೊಳೆಸಿ ಯುದ್ಧಕ್ಕೆ ತಂದದ್ದರದ್ದಲ್ಲ. ಲೋಹಬಣ್ಣಕ್ಕೆ ಕುಂಚ, ನೀರು ಎರಡೂ ಬೇರೆ ಇರಲಿ. ಇಲ್ಲವಾದರೆ ಅದರ ಮಿನುಗು ಚೂರುಗಳು ಅಂಗಿಗೂ ಚರ್ಮಕ್ಕೂ ಹತ್ತುತ್ತವೆ.

ಹೊಳಪು ಹೋಗಿರುವುದಕ್ಕೆ ಚಿಂತೆ ಬೇಡ, ಮ್ಯಾಟ್ ವಾರ್ನಿಶ್‌ನ ಕೆಲಸವೇ ಅದು. ಒಣಗಿದ ಮೇಲೆ ಲೋಹದ ಭಾಗಗಳಿಗೆ ಮಾತ್ರ ಸ್ಯಾಟಿನ್ ಅಥವಾ ಗ್ಲಾಸ್ ಕುಂಚದಿಂದ ಹಚ್ಚಿ. ಬಿಳಿ ಮಂಜಿಗೆ ಕಾರಣ ಸಾಮಾನ್ಯವಾಗಿ ತೇವದ ಗಾಳಿಯಲ್ಲಿ ಸ್ಪ್ರೇ ಮಾಡಿದ್ದು, ಡಬ್ಬಿ ಚೆನ್ನಾಗಿ ಕುಲುಕದೆ ಇದ್ದದ್ದು, ಇಲ್ಲವೇ ಒಂದೇ ಸಲ ದಪ್ಪಗೆ ಹೊಡೆದದ್ದು. ಆ ಎರಡು ಫಿಗರ್‌ಗೆ ಗ್ಲಾಸ್ ವಾರ್ನಿಶ್ ಹಚ್ಚಿ ನೋಡಿ, ಬಹಳ ಸಲ ಮಂಜು ಕರಗಿ ಬಣ್ಣ ವಾಪಸ್ ಬರುತ್ತದೆ. ಆಮೇಲೆ ಒಣ ಹವೆಯಲ್ಲಿ ತೆಳುವಾಗಿ ಮ್ಯಾಟ್.

ಡೆಲಿಯಂ424:

ಬಣ್ಣದ ವಿಚಾರ ತಾಮ್ರಪತ್ರ ಹೇಳಿಯಾಗಿದೆ. ನಾನು ಗೂಬೆಯ ಬಗ್ಗೆ ಮಾತ್ರ ಹೇಳುತ್ತೇನೆ.

48 ಗೂಬೆ ಬೇಡ. ಅಥೆನ್ಸ್‌ನ ಹಾಪ್ಲೈಟ್ ತನ್ನ ಆಯುಧ ತಾನೇ ಕೊಂಡುಕೊಳ್ಳುವ ನಾಗರಿಕ. ಮಡಕೆಗಳ ಮೇಲಿನ ಚಿತ್ರಗಳಲ್ಲಿ ಗುರಾಣಿಗೊಂದು ಗುರುತು: ಹಾವು, ಹುಂಜ, ಗೂಳಿಯ ತಲೆ, ಮುಕ್ಕಾಲಿ ಪೀಠ, ಚಕ್ರದಂತೆ ಜೋಡಿಸಿದ ಮೂರು ಕಾಲು, ಗೋರ್ಗನ್ ಎಂಬ ಹಾವುಗೂದಲಿನ ರಾಕ್ಷಸಿಯ ಮುಖ, ಸಿಂಹ. ಡೆಲಿಯಂ ಕದನದಲ್ಲಿ (ಕ್ರಿ.ಪೂ. 424) ಅಥೆನ್ಸ್‌ನವರು ಎದುರಾಳಿಯನ್ನು ಸುತ್ತುಗಟ್ಟುವ ಗೊಂದಲದಲ್ಲಿ ತಮ್ಮವರನ್ನೇ ಗುರುತಿಸದೆ ಕೊಂದರು ಎಂದು ಆ ಕಾಲದ ಇತಿಹಾಸಕಾರ ಥುಸಿಡಿಡೀಸ್ ಬರೆದಿದ್ದಾನೆ. ಎಲ್ಲರ ಗುರಾಣಿಯಲ್ಲೂ ಗೂಬೆ ಇದ್ದಿದ್ದರೆ ಇದು ಇಷ್ಟು ಸುಲಭವಾಗಿ ಆಗುತ್ತಿತ್ತೇ? ಹನ್ನೆರಡು ಬಗೆ ಡೆಕಲ್ ತೆಗೆದುಕೊಂಡು ತಲಾ ಮೂರು ಹಾಕಿ, ಉಳಿದ 12 ಗುರಾಣಿ ಚಿತ್ರವಿಲ್ಲದೆ ಬರೀ ಕಂಚು ಅಥವಾ ಬರೀ ಬಣ್ಣ ಇರಲಿ. ಗೂಬೆ ಎರಡೋ ಮೂರೋ ಇದ್ದರೆ ಯಾರೂ ಜಗಳಕ್ಕೆ ಬರುವುದಿಲ್ಲ.

ಇಡೀ ನಗರಕ್ಕೊಂದೇ ಗುರುತು ಬೇಕೆನ್ನುವವರು ಬೇರೆ ಪಡೆ ಆರಿಸಬೇಕು. ಸಿಕಿಯೊನ್‌ನ ಸಿಗ್ಮಾ ಅಕ್ಷರ ಕ್ರಿ.ಪೂ. 392ರ ಘಟನೆಯಲ್ಲಿ ಬರುತ್ತದೆ: ಸ್ಪಾರ್ಟಾದವರು ಸಿಕಿಯೊನಿಯರ ಗುರಾಣಿ ಹಿಡಿದು ಹೋಗಿ ಎದುರಾಳಿಯನ್ನು ಮೋಸಗೊಳಿಸಿದರು. ಥೀಬ್ಸ್‌ನ ಗದೆ ಕ್ರಿ.ಪೂ. 362ರ ಮಾಂಟಿನಿಯಾದ ಹೊತ್ತಿಗೆ. ಎರಡನ್ನೂ ದಾಖಲಿಸಿದವನು ಇತಿಹಾಸಕಾರ ಕ್ಸೆನೊಫೊನ್. ಸ್ಪಾರ್ಟಾದ ಲ್ಯಾಂಬ್ಡಾ ಅಕ್ಷರಕ್ಕೆ ಆಧಾರ ಯೂಪೊಲಿಸ್ ಎಂಬ ನಾಟಕಕಾರನ ತುಣುಕು, ಅಂದರೆ ಇದೇ ಯುದ್ಧದ ಕಾಲ. ಕ್ರಿ.ಪೂ. 480ರ ಥರ್ಮೊಪಿಲೆ ಕದನಕ್ಕೆ ಅದನ್ನು ಎಳೆದೊಯ್ಯಲು ಆಧಾರವಿಲ್ಲ, ಆದರೂ ಡಬ್ಬಿಯ ಮೇಲಿನ ಚಿತ್ರಗಳಲ್ಲಿ ಇರುತ್ತದೆ.

ನೀಲಿ ಅಂಗಿ ಅಥೆನ್ಸ್, ಕೆಂಪು ಸ್ಪಾರ್ಟಾ ಎನ್ನುವುದು ಆಟದ ಬಣ್ಣ. ಸ್ಪಾರ್ಟಾದ ಕೆಂಪಿಗೆ ಕ್ಸೆನೊಫೊನ್‌ನ ಮಾತಿದೆ, ಅಥೆನ್ಸ್‌ನ ನೀಲಿಗೆ ಅಂಥದ್ದೇನೂ ಇಲ್ಲ. ಬಣ್ಣ ಹಾಕದ ಉಣ್ಣೆಯ ಮಾಸಲು ಬಿಳಿ, ಹಳದಿ ಮಣ್ಣಿನ ಬಣ್ಣ, ಕಾವಿ ಕೆಂಪು, ಕಂದು, ಮಂಕು ನೀಲಿ, ಈ ಐದು ಸಾಕು. ಒಂದು ಬೇಸಿನಲ್ಲಿ ಒಂದೇ ಬಣ್ಣ ಎರಡು ಸಲ ಬರಬಾರದು.

ಪೆಟ್ಟಿಗೆಯಲ್ಲಿ ಬಂದ ತಲೆಗಳನ್ನೂ ಆರಿಸಿ ಅಂಟಿಸಿ. ಮುಖ ಮುಚ್ಚುವ ಕೊರಿಂಥಿಯನ್ ಶಿರಸ್ತ್ರಾಣ ಈ ಹೊತ್ತಿಗೆ ಹಳೆಯದು. ಅಪ್ಪನ ಕಾಲದ್ದು ಅನ್ನುವ ಹಾಗೆ ಬೇಸ್‌ಗೆ ಹೆಚ್ಚೆಂದರೆ ಒಂದು. ಉಳಿದವು ಕ್ಯಾಲ್ಸಿಡಿಯನ್, ಆಟಿಕ್ ಮತ್ತು ಟೋಪಿಯಾಕಾರದ ಪಿಲೊಸ್.

ಮಣ್ಣುಮರಳು:

ಬೇಸ್ ಬಾಗುವುದು ನೀರಿನಿಂದ. ಬಿಳಿ ಅಂಟಿನ ನೀರನ್ನು ಎಂಡಿಎಫ್‌ನ ಮೇಲ್ಮುಖ ಮಾತ್ರ ಕುಡಿದು ಉಬ್ಬುತ್ತದೆ. ಒಣಗುವಾಗ ಅಂಟಿನ ಪದರ ಕುಗ್ಗಿ ಆ ಮುಖವನ್ನು ಎಳೆದು ತುದಿಗಳನ್ನು ಮೇಲೆತ್ತುತ್ತದೆ. ಆದ್ದರಿಂದ ಮೊದಲೇ ಎರಡೂ ಮುಖಕ್ಕೆ, ನಾಲ್ಕೂ ಅಂಚಿಗೆ ಪ್ರೈಮರ್ ಅಥವಾ ವಾರ್ನಿಶ್ ಕೊಡಿ. ಸಾಧ್ಯವಾದರೆ 3 ಎಂಎಂ ದಪ್ಪದ್ದು ತೆಗೆದುಕೊಳ್ಳಿ. ಹಿಡಿದು ಎತ್ತಲೂ ಅಂಚು ಸಿಗುತ್ತದೆ, ಈಟಿ ಹಿಡಿದು ಎತ್ತುವ ಅನಾಹುತ ತಪ್ಪುತ್ತದೆ. ಈಗ ಬಾಗಿರುವುದನ್ನು ಸರಿಮಾಡಲು ತಳಭಾಗವನ್ನು ಲಘುವಾಗಿ ಒದ್ದೆ ಮಾಡಿ. ಫಿಗರ್‌ಗಳ ಮೇಲೆ ಭಾರ ಹೇರಲಾಗುವುದಿಲ್ಲವಲ್ಲ, ಸಮತಟ್ಟಾದ ಹಲಗೆಗೆ ಎರಡೂ ತುದಿ ಕ್ಲಿಪ್ ಹಾಕಿ ಒಂದು ದಿನ ಬಿಡಿ. ಒಣಗಿದ ಮೇಲೆ ತಳಕ್ಕೂ ವಾರ್ನಿಶ್.

ನೆಲದ ಕೆಲಸದಲ್ಲಿ ಹೆಚ್ಚಿನವರು ಎಡವುವುದು ಫಿಗರ್‌ನ ಕಾಲಡಿಯ ಬಿಲ್ಲೆಯಲ್ಲಿ. ಅದನ್ನು ಮುಚ್ಚದಿದ್ದರೆ ನಾಲ್ಕು ಜನ ನಾಲ್ಕು ಮಣೆಯ ಮೇಲೆ ನಿಂತ ಹಾಗೆ ಕಾಣುತ್ತದೆ. ಫಿಗರ್ ಅಂಟಿಸಿದ ಮೇಲೆ ಫಿಲ್ಲರ್ ಪೇಸ್ಟನ್ನು ಕಡ್ಡಿಯಿಂದ ಬಿಲ್ಲೆಯ ಮಟ್ಟಕ್ಕೆ ತುಂಬಿ, ಒಣಗುವ ಮೊದಲು ಪಾದದ ಸುತ್ತ ಒದ್ದೆ ಕುಂಚದಿಂದ ಸವರಿ. ಪೇಸ್ಟಿಗೆ ಮೊದಲೇ ಕಂದು ಬಣ್ಣ ಕಲಸಿಟ್ಟರೆ ಮುಂದೆ ಚೂರು ಎದ್ದರೂ ಬಿಳಿ ಇಣುಕುವುದಿಲ್ಲ. ಅದರ ಮೇಲೆ ಬಿಳಿ ಅಂಟು ಎರಡು ಪಾಲು, ನೀರು ಒಂದು ಪಾಲು, ಸಣ್ಣ ಮರಳು. ಅಲ್ಲಲ್ಲಿ 2–3 ಎಂಎಂ ಕಲ್ಲು, ಬೇಸ್‌ಗೆ ಎರಡು ಸಾಕು.

ಗ್ರೀಸ್‌ನ ಬೇಸಿಗೆ ಕಾಲದ ನೆಲ ಸುಣ್ಣಕಲ್ಲಿನದು, ಪೇಲವ. ಕಡು ಕಂದಿನಲ್ಲಿ ನಿಲ್ಲಿಸಿದರೆ ಉತ್ತರ ಯುರೋಪಿನ ಕೆಸರಾಗುತ್ತದೆ. ನಡು ಕಂದು, ಮೇಲೆ ಹಳದಿ ಮಣ್ಣಿನ ಬಣ್ಣದ ಡ್ರೈಬ್ರಶ್ (ಬಹುತೇಕ ಒಣಗಿದ ಕುಂಚದಿಂದ ಸವರುವುದು), ಕೊನೆಗೆ ಮೂಳೆ ಬಣ್ಣ ಕಲ್ಲಿನ ತುದಿಗಳಿಗೆ. ಹುಲ್ಲಿನ ಕಂತೆ ಒಣಹುಲ್ಲಿನ ಬಣ್ಣದ್ದು, 4 ಎಂಎಂ. ಇದು 28 ಎಂಎಂ ಬೊಂಬೆಯ 1:56 ಅಳತೆಯಲ್ಲಿ 22 ಸೆಂ.ಮೀ. ಆಯಿತು. 12 ಎಂಎಂ ಕಂತೆ ತಂದರೆ 67 ಸೆಂ.ಮೀ., ಮಂಡಿಯ ಮೇಲೆ ಬರುತ್ತದೆ! ಸ್ಪಾರ್ಟಾ ಕಡೆಯ ಪೆಲೊಪೊನೀಸಿಯನ್ನರು ಅಥೆನ್ಸ್ ಸುತ್ತಲಿನ ಆಟಿಕಾಕ್ಕೆ ನುಗ್ಗುತ್ತಿದ್ದದ್ದು ಪೈರು ಮಾಗುವ ಹೊತ್ತಿಗೆ, ಹಾಗಾಗಿ ಕೊಯ್ದ ಹೊಲ ಮಾಡಿದರೂ ತಪ್ಪಿಲ್ಲ: ನಾರಿನ ಕಾಲೊರಸಿನಿಂದ ಎಳೆ ಕಿತ್ತು 5 ಎಂಎಂ ಕತ್ತರಿಸಿ ಸಾಲಾಗಿ ನೆಡಿ. ಹನ್ನೆರಡು ಬೇಸಿಗೂ ಇದನ್ನು ಮಾಡುವ ತಾಳ್ಮೆ ಇದೆಯಾ ಅಂತ ಮೊದಲು ಕೇಳಿಕೊಳ್ಳಿ. ಒಂದೆರಡಕ್ಕೆ ಮಾಡಿ ಬಿಟ್ಟರೆ ಪಡೆಯೇ ಒಡೆದಂತೆ ಕಾಣುತ್ತದೆ.

ಹೊಸಕುಂಚ:

ಎಲ್ಲರಿಗೂ ಧನ್ಯವಾದ. ಗೂಬೆ ಕೈಬಿಟ್ಟೆ. ಇನ್ನೊಂದು ಅಡಚಣೆ: 60 ಎಂಎಂನಲ್ಲಿ ನಾಲ್ಕು ಫಿಗರ್ ನಿಲ್ಲಿಸಿದರೆ ಗುರಾಣಿಗಳು ಒಂದಕ್ಕೊಂದು ಡಿಕ್ಕಿ. ಮುಂದೆ ಚಾಚಿದ ಈಟಿ ಬೇಸಿನ ಹೊರಗೆ ಬಂದು ಎದುರಾಳಿಯ ಬೇಸ್ ತಾಗುವುದಕ್ಕೇ ಬಿಡುವುದಿಲ್ಲ. ಬೇಸ್ ಬದಲಿಸಬೇಕಾ?

ಡೆಲಿಯಂ424:

ಲೆಕ್ಕ ನೋಡಿ. ಗುರಾಣಿ ಸುಮಾರು 90 ಸೆಂ.ಮೀ., ನಿಮ್ಮ ಅಳತೆಯಲ್ಲಿ 16 ಎಂಎಂ. ನಾಲ್ಕಕ್ಕೆ 64, ಇರುವುದು 60. ಪಕ್ಕಪಕ್ಕ ಕೂರುವ ಮಾತೇ ಇಲ್ಲ, ಹಂಚು ಹೊದಿಸಿದಂತೆ ಒಂದರ ಅಂಚು ಇನ್ನೊಂದರ ಮೇಲೆ ಬರಬೇಕು. ಫ್ಯಾಲಂಕ್ಸ್‌ಗೂ (ಹಾಪ್ಲೈಟ್‌ಗಳ ಒತ್ತೊತ್ತಾದ ಸಾಲುಗಳ ವ್ಯೂಹ) ಅದೇ ಚಂದ. ಎಡ ಭುಜ ಮುಂದೆ ಬರುವಂತೆ ಪ್ರತಿ ಫಿಗರನ್ನೂ ಅದರ ಬಲಕ್ಕೆ ಚೂರು ತಿರುಗಿಸಿ, ನಾಲ್ಕಕ್ಕೂ ಒಂದೇ ಕೋನ. ಪ್ರತಿಯೊಬ್ಬನೂ ತನ್ನ ತೆರೆದ ಬಲಭಾಗವನ್ನು ಪಕ್ಕದವನ ಗುರಾಣಿಯ ಮರೆಗೆ ಒತ್ತುವುದರಿಂದ ಸಾಲೇ ಬಲಕ್ಕೆ ಸರಿಯುತ್ತದೆ ಎಂದು ಕ್ರಿ.ಪೂ. 418ರ ಮಾಂಟಿನಿಯಾ ಯುದ್ಧದ ವಿವರಣೆಯಲ್ಲಿ ಥುಸಿಡಿಡೀಸ್ ಹೇಳುತ್ತಾನೆ. ಅದು ನಿಮ್ಮ ಬೇಸಿನಲ್ಲೂ ಕಾಣುತ್ತದೆ.

ಅಂಟು ಹಾಕುವ ಮೊದಲು ನಾಲ್ಕನ್ನೂ ಬ್ಲೂಟ್ಯಾಕ್‌ನಲ್ಲಿ (ಕಿತ್ತು ತೆಗೆಯಬಹುದಾದ ಅಂಟುಮುದ್ದೆ) ನಿಲ್ಲಿಸಿ ನೋಡಿ. ಮೊದಲು ಫಿಗರ್‌ಗಳು, ಆಮೇಲೆ ಒಂದು ತುದಿಯಿಂದ ಶುರುಮಾಡಿ ಗುರಾಣಿಗಳು ಕ್ರಮವಾಗಿ.

ತಾಮ್ರಪತ್ರ:

ಗುರಾಣಿ ಅಂಟಿಸುವಾಗ ಒಂದು ಎಚ್ಚರ: ಕೈಯ ಮೇಲೂ ಗುರಾಣಿಯ ಒಳಮುಖದಲ್ಲೂ ತಾಗುವ ಜಾಗದ ಬಣ್ಣವನ್ನು ಬ್ಲೇಡಿನಿಂದ ಕೆರೆದು ಪ್ಲಾಸ್ಟಿಕ್ ಕಾಣಿಸಿ. ಬಣ್ಣದ ಮೇಲೆ ಹಾಕಿದ ಸೂಪರ್ ಗ್ಲೂ ಬಣ್ಣಕ್ಕೆ ಹಿಡಿದಿರುತ್ತದೆ, ಪ್ಲಾಸ್ಟಿಕ್ಕಿಗಲ್ಲ. ಮೊದಲ ಪೆಟ್ಟಿಗೇ ಪದರ ಸಮೇತ ಕಳಚುತ್ತದೆ.

ಈಟಿಗೆ ಬೇಸ್ ಬದಲಿಸಬೇಕಿಲ್ಲ. 2.4 ಮೀಟರ್ ಈಟಿ 43 ಎಂಎಂ ಆಗುತ್ತದೆ, 20 ಎಂಎಂ ಆಳದ ಬೇಸಿನಲ್ಲಿ ಅಡ್ಡ ಚಾಚಿದರೆ ಹೊರಗೆ ಬರುವುದೇ. ಮೇಲೆತ್ತಿದ ಕೈಗಳನ್ನು ಬಳಸಿ, ತುದಿ ಆಕಾಶದ ಕಡೆ 60–70 ಡಿಗ್ರಿ ಇರಲಿ. ಪ್ಲಾಸ್ಟಿಕ್ ಈಟಿ ಬಾಗುತ್ತದೆ, ಮುರಿಯುತ್ತದೆ. 0.8 ಎಂಎಂ ಉಕ್ಕಿನ ತಂತಿ ಹಾಕುವುದು ಒಳ್ಳೆಯದು. ಅಳತೆಗೆ ಸ್ವಲ್ಪ ದಪ್ಪ, ಆದರೂ ಪರವಾಗಿಲ್ಲ, ತೆಳುವಾದರೆ ಬೆರಳಿಗೆ ಚುಚ್ಚುತ್ತದೆ. ಮುಷ್ಟಿಯನ್ನು ಕೈ ಡ್ರಿಲ್‌ನಿಂದ 0.9 ಎಂಎಂ ಕೊರೆಯಿರಿ, ಎರಡೂ ಕಡೆಯಿಂದ ಅರ್ಧರ್ಧ. ಒಂದೇ ಕಡೆಯಿಂದ ಕೊರೆದರೆ ಬೆರಳಿನ ಪಕ್ಕದಿಂದ ಹೊರಬರುತ್ತದೆ. ತಂತಿಯನ್ನು ಮೊದಲು ಮರಳುಕಾಗದದಿಂದ ಉಜ್ಜಿ, ಲೋಹಕ್ಕೆ ಹಿಡಿಯುವ ಪ್ರೈಮರ್ ಕೊಡಿ. ನುಣುಪು ಉಕ್ಕಿನ ಮೇಲಿನ ಬಣ್ಣ ಹಾವಿನ ಪೊರೆಯಂತೆ ಕಳಚುತ್ತದೆ. ಕೋಲಿಗೆ ತಿಳಿ ಕಂದು, ಹಿಂದಿನ ತುದಿಯ ಮೊನೆಗೆ ಕಂಚು.

ಮಣ್ಣುಮರಳು:

ಹಾಗೆ ನಿಲ್ಲಿಸಿದ ಈಟಿಗಳಿರುವ ಬೇಸನ್ನು ಇಡುವ ಪೆಟ್ಟಿಗೆಯ ಎತ್ತರವನ್ನೂ ಈಗಲೇ ಅಳೆದುಕೊಳ್ಳಿ. ಬೇಸಿನ ತಳಕ್ಕೆ ಉಕ್ಕಿನ ಹಾಳೆ, ಪೆಟ್ಟಿಗೆಯ ತಳಕ್ಕೆ ಮ್ಯಾಗ್ನೆಟ್ ಹಾಳೆ. ಫಿಗರ್, ಬೇಸ್ ಸೇರಿ ಈಟಿಯ ತುದಿ 70 ಎಂಎಂ ದಾಟಬಹುದು, ಮುಚ್ಚಳಕ್ಕೆ ಇನ್ನೂ 10 ಎಂಎಂ ಬಿಡಿ.