ಮಡಿವಂತಿಕೆ ಅಂದರೆ ಸರಿಯಾಗಿ ಏನು?

ಪ್ರಶ್ನೆ: ಒಂದು ವಿಮರ್ಶೆಯಲ್ಲಿ ‘ಭಾಷೆಯ ಮಡಿವಂತಿಕೆ’ ಅಂತ ಓದಿದೆ. ಮಡಿ ಅಂದರೆ ಪೂಜೆ, ಅಡುಗೆಮನೆಗೆ ಸಂಬಂಧಿಸಿದ್ದು ಅಲ್ವಾ? ಭಾಷೆಗೆ ಹೇಗೆ ಬಂತು?

ಉತ್ತರ 1: ಮಡಿ ಅಂದರೆ ಒಗೆದು ಶುಭ್ರವಾದ ಬಟ್ಟೆ. ಬಟ್ಟೆ ಮಡಿ ಮಾಡುವವರು ಮಡಿವಾಳರು. 12ನೇ ಶತಮಾನದ ಶರಣ ಮಡಿವಾಳ ಮಾಚಿದೇವರ ಹೆಸರಲ್ಲೂ ಇದೇ ಪದವಿದೆ. ನಮ್ಮಜ್ಜಿ ಒದ್ದೆ ಸೀರೆಯನ್ನು ಎತ್ತರದ ಗಳದ ಮೇಲೆ ಕೋಲಿನಿಂದ ಹರವುತ್ತಿದ್ದರು. ಮರುದಿನ ಅವರು ಸ್ನಾನ ಮಾಡಿ ಉಡುವವರೆಗೆ ಯಾರೂ ಮುಟ್ಟುವಂತಿರಲಿಲ್ಲ. ಮಕ್ಕಳು ಹತ್ತಿರ ಓಡಿದರೆ ‘ಮೈಲಿಗೆ!’ ಅಂತ ಕೂಗು. ಮಡಿಗೆಂದು ಉಡುವ ರೇಷ್ಮೆ ಬಟ್ಟೆಯಾದ ಮಗುಟಕ್ಕೆ ಮಾತ್ರ ರಿಯಾಯಿತಿ, ದಿನಾ ಒಗೆಯಬೇಕಿರಲಿಲ್ಲ. ಇಷ್ಟು ಕಟ್ಟುನಿಟ್ಟಾಗಿ ಇರುವವರೇ ಮಡಿವಂತರು.

ಉತ್ತರ 2: ಹೊರಗಿನದು ತಾಗಿದರೆ ಕೆಡುತ್ತದೆ ಅನ್ನುವ ಆ ಭಯವೇ ಭಾಷೆಗೂ ಬಂದಿದೆ. ಆಡುಮಾತೋ ಇಂಗ್ಲಿಷ್ ಪದವೋ ಸೇರಿದರೆ ಕನ್ನಡ ಹಾಳು ಅನ್ನುವುದು ಭಾಷೆಯ ಮಡಿವಂತಿಕೆ.

ಪ್ರಶ್ನೆ ಕೇಳಿದವರು: ಹಾಗಾದರೆ ಕಟ್ಟುನಿಟ್ಟಿನ ಮೇಷ್ಟ್ರೂ ಮಡಿವಂತರೇ?

ಉತ್ತರ 1: ಇಲ್ಲ, ಅವರು ಶಿಸ್ತಿನವರು ಅಷ್ಟೇ. ಈ ಪದವನ್ನು ಸುಮ್ನೆ ಹೊಗಳಿಕೆಗೂ ಬಳಸಬೇಡಿ. ಮನೆಗೆಲಸದವರನ್ನು ಹಿತ್ತಲಲ್ಲೇ ನಿಲ್ಲಿಸಿ, ಕುಡಿಯಲು ಮೇಲಿಂದ ನೀರು ಹುಯ್ದದ್ದೂ ಇದೇ ಮಡಿಯ ಹೆಸರಲ್ಲಿ. ಅದನ್ನು ನೋಡಿ ಬೆಳೆದವಳು ನಾನು. ಈಗಲೂ ನೋವಾಗುತ್ತದೆ.