ಪಿಯಾನೊ ತಂತ್ಯಾಗ ಬೋಲ್ಟು, ರಬ್ಬರ್ ಸಿಗಿಸಿ ಹಳೇ ಹಾಡು ನುಡಿಸ್ಯಾರ, ಇದೇನ್ ಕಥಿ?

ಕೀಬೋರ್ಡ್ ಹುಡುಗ, ಹುಬ್ಬಳ್ಳಿ:
ಎಲ್ಲಾರಿಗೂ ನಮಸ್ಕಾರ. ಲಗ್ನದ ಆರ್ಕೆಸ್ಟ್ರಾದಾಗ ಕೀಬೋರ್ಡ್ ನುಡಸ್ತೀನಿ. ಮೊನ್ನೆ ಯೂಟ್ಯೂಬಿನಾಗ ಫೆರಾಂಟೆ ಮತ್ತು ಟೈಶರ್ ಅಂತ ಇಬ್ಬರು ಅಮೆರಿಕದ ಪಿಯಾನೊದವರ ರೆಕಾರ್ಡ್ ಸಿಕ್ತು, ‘ಸೌಂಡ್‌ಪ್ರೂಫ್’, 1956ರದ್ದು. ಆ ಕಾಲದ ಮಂದಿ ಬಾಯಾಗಿದ್ದ ಹಾಡು ಅದರಾಗ ಅದಾವ. ಆದ್ರ ದನಿ? ಒಮ್ಮೆ ಡೊಳ್ಳು, ಒಮ್ಮೆ ಜಾಗಟಿ. ಸಿಂಥಸೈಜರ್ ಇರಬೇಕಂದ್ರ ಅದೂ ಅಲ್ಲಂತ. ಹೆಂಗ ಮಾಡಿದ್ರು? ನಾ ಪ್ರಾಕ್ಟೀಸ್ ಮಾಡೋ ಹಾಲಿನಾಗ ಗ್ವಾಡಿಗೆ ಹಚ್ಚಿಟ್ಟ ಹಳೇ ಪಿಯಾನೊ ಐತಿ, ಅದರ ಮ್ಯಾಲ ಆಕ್ಕೈತೇನು? ಗೆಳ್ಯಾರು ಬರೇ ಗಿಮಿಕ್ ಅಂತಾರ.

ಪೇಟಿ ರಿಪೇರಿ, ಧಾರವಾಡ:
ತಮ್ಮಾ, ಅದೆಲ್ಲಾ ಹಾರ್ಡ್‌ವೇರ್ ಅಂಗಡಿ ಸಾಮಾನು. ಪಿಯಾನೊದ ಮ್ಯಾಲಿನ ಸಪ್ತಕದಾಗ ಒಂದೊಂದು ಸ್ವರಕ್ಕ ಮೂರ್ಮೂರು ತಂತಿ ಇರ್ತಾವ. ಅವುಗಳ ನಡುವ ಬೋಲ್ಟ್ ಸಿಗಿಸಿದ್ರ ತಂತಿ ಭಾರ ಆಗಿ, ಮೂಲ ಸ್ವರದ ಜೋಡಿ ಏಳೋ ಸಣ್ಣ ನಾದಗಳೆಲ್ಲಾ ದಿಕ್ಕಾಪಾಲು ಆಗ್ತಾವ. ಅದಕ್ಕ ನಿನಗ ಜಾಗಟಿ ಕೇಳಿಸಿದ್ದು. ರಬ್ಬರ್ ಇಟ್ರ ನಾದ ಅಲ್ಲೇ ಸಾಯ್ತದ, ಪೆಟ್ಟಷ್ಟ ಉಳೀತದ: ಡೊಳ್ಳು. ಬೋಲ್ಟು ಒಂದು ಬೆರಳು ಸರಿಸು, ಮತ್ತ ಬ್ಯಾರೇನ ದನಿ.

ಇಂಥಾ ಪಿಯಾನೊಕ್ಕ ‘ಪ್ರಿಪೇರ್ಡ್ ಪಿಯಾನೊ’ ಅಂತಾರ, ಇದನ್ನ ಹೆಸರಿಗೆ ತಂದಾಂವ ಅಮೆರಿಕದ ಸಂಗೀತ ರಚನಾಕಾರ ಜಾನ್ ಕೇಜ್. 1940ರ ಸುಮಾರು ಸಿಯಾಟಲ್‌ನಾಗ ಒಂದು ನೃತ್ಯಕ್ಕ ತಾಳವಾದ್ಯದ ಮೇಳ ಕೂಡಿಸಬೇಕಂದ್ರ ಜಾಗಾ ಸಾಲಲಿಲ್ಲ, ಇದ್ದ ಒಂದ ಪಿಯಾನೊನ ಮೇಳ ಮಾಡಿಬಿಟ್ಟ. ಮುಂದ 1946ರಿಂದ 48ರ ತನಕ ಕುಂತು ಬರದ ‘ಸೊನಾಟಾಸ್ ಅಂಡ್ ಇಂಟರ್‌ಲೂಡ್ಸ್’ ಅನ್ನೋ ಪಿಯಾನೊ ರಚನಾದಾಗ 45 ಸ್ವರಕ್ಕ ಸಾಮಾನು ಸಿಗಸ್ಬೇಕು. ಅದರ ಹಿಂದಿರೋದು ನಮ್ಮ ನವರಸದ ವಿಚಾರ! ಕಲಾ ಪಂಡಿತ ಆನಂದ ಕುಮಾರಸ್ವಾಮಿಯವರನ್ನ ಓದಿದ್ದ, ಮೃದಂಗದಂಥಾ ಪಖವಾಜ್ ನುಡಸೋ ಗೀತಾ ಸಾರಾಭಾಯಿ ಅವರ ಕಡೆ ನಮ್ಮ ಸಂಗೀತ ತಿಳಕೊಂಡಿದ್ದ.

ಆ ಪಖವಾಜಿನ ಎಡಕ್ಕ ಹಸೀ ಕಣಕ ಹಚ್ತಾರ. ತಂಬೂರಿ ಕುದುರಿ ಮ್ಯಾಲ, ತಂತಿ ಕೆಳಗ ದಾರ ಇಟ್ಟು ಜವಾರಿ, ಅಂದ್ರ ಝೇಂಕಾರ, ತಗೀತಾರ. ದಾರ ತಗದ ತಂಬೂರಿ ಇಟ್ಕೊಂಡು ಮನ್ಸೂರ ಅಣ್ಣಾವ್ರು ಹಾಡಾಕ ಕುಂಡ್ರತಿದ್ರೇನು? ಗಿಮಿಕ್ ಅನ್ನೋ ನಿನ್ನ ಗೆಳ್ಯಾರಿಗೆ ಇಷ್ಟ ಕೇಳು.

ಫೆರಾಂಟೆ, ಟೈಶರ್ ಇಬ್ಬರೂ ಸಣ್ಣವರಿದ್ದಾಗಿಂದ ನ್ಯೂಯಾರ್ಕಿನ ಜೂಲಿಯಾರ್ಡ್ ಸಂಗೀತ ಶಾಲ್ಯಾಗ ಕಲತು, ಅಲ್ಲೇ ಕಲಿಸಿದಾವ್ರು. ಪಂಡಿತರು ಕೇಜ್‌ನ ತಲಿ ಮ್ಯಾಲ ಹೊತ್ಕೊಂಡು ಇವರನ್ನ ನೋಡಿ ನಗ್ತಾರ. ನನಗ ಒಪ್ಪಿಗಿಲ್ಲ. ಗುರತಿಲ್ಲದ ರಚನಾದಾಗ ದನಿ ಎಲ್ಲಿ ಹಾದಿ ಬಿಟ್ತು ಅಂತ ಹೆಂಗ ತಿಳೀಬೇಕು? ಗುರತಿದ್ದ ಹಾಡಿನಾಗ ಮುಂದಿನ ಸ್ವರದ ಮನ್ಯಾಗ ಕಿವಿ ಮೊದಲ ಹೋಗಿ ಕುಂತಿರ್ತದ. ಅಲ್ಲಿ ‘ಠಣ್’ ಅಂತ ಬ್ಯಾರೆ ಏನರ ಬಂತಂದ್ರ ಅದರ ಮಜಾನ ಬ್ಯಾರೆ. 1960ರ ನಂತರ ಇಬ್ಬರೂ ಆರ್ಕೆಸ್ಟ್ರಾ ಹಚ್ಕೊಂಡು ಸಿನಿಮಾ ಸಂಗೀತ ನುಡಿಸಿ ಭಾರಿ ಹೆಸರಾದ್ರು. ಹೆಸರು ಬಂತು, ಬೋಲ್ಟ್ ಹೋತು. ನನಗ ಬೋಲ್ಟಿನವ್ರ ಬೇಕು.

ಗದಗಿನಾಕಿ:
ಕಾಕಾರ, ತಂಬೂರಿ ದಾರ ಶ್ರುತಿ ತುಂಬತೈತಿ, ನಿಮ್ಮ ಬೋಲ್ಟ್ ಶ್ರುತಿ ಕೆಡಸ್ತೈತಿ. ಎರಡನ್ನೂ ಒಂದ ತಕ್ಕಡ್ಯಾಗ ಹೆಂಗ ಹಾಕ್ತೀರಿ? ವೀರೇಶ್ವರ ಪುಣ್ಯಾಶ್ರಮದಾಗ ಹಾಡಿಕಿ ಕೇಳಿ ಬೆಳದ ಕಿವಿ ನಂದು, ಆ ರೆಕಾರ್ಡ್ ಎರಡು ಹಾಡಿಗೆ ಸಾಕಾತು. ಹೌಷ್ಕಾ ಅಂತ ಜರ್ಮನಿಯಾಂವ ಅದಾನ, 2005ರಾಗ ‘ದಿ ಪ್ರಿಪೇರ್ಡ್ ಪಿಯಾನೊ’ ಅಂತ ಆಲ್ಬಂ ಮಾಡ್ಯಾನ. ಅದು ನೆತ್ತಿಗೆ ಬಡಿಯೂದಿಲ್ಲ. ಮುಂದ ಸಿನಿಮಾ ಸಂಗೀತಕ್ಕ ಆಸ್ಕರೂ ಬಂತು ಅವಂಗ.

ಪೇಟಿ ರಿಪೇರಿ, ಧಾರವಾಡ:
ಶ್ರುತಿ ಮಾತು ಖರೇನ ತಂಗಿ. ಅದಕ್ಕ ನಾನಾದ್ರ ಹಾಡಿನ ಸ್ವರಕ್ಕ ಕೈ ಹಚ್ಚದ, ಸಾಥಿಗೆ ಬರೋ ಸ್ವರಕ್ಕಷ್ಟ ಸಿಗಸ್ತೀನಿ. ಶ್ರುತಿ ಹಾಡಿಗೆ ಇರಲಿ, ತಾಳ ಬೋಲ್ಟಿಗೆ ಇರಲಿ.

ತಮ್ಮಾ, ಗ್ವಾಡಿ ಪಿಯಾನೊದಾಗ ತಂತಿ ನಿಂತಿರ್ತಾವ, ಸಡಲ ಇಟ್ಟದ್ದು ಒಳಗ ಬೀಳ್ತದ, ಆಮ್ಯಾಲ ಪಿಯಾನೊ ಬಿಚ್ಚಬೇಕು. ನಿನಗ ರಬ್ಬರ್, ಫೆಲ್ಟ್ ತುಂಡ ಸಾಕು. ಖರ್ಜದ (ದಪ್ಪ ದನಿಯ) ತಂತಿಗೆ ತಾಮ್ರ ಸುತ್ತಿರ್ತಾರ, ಅಲ್ಲಿ ಕಬ್ಬಿಣ ಹಾಕಿದ್ರ ಸುತ್ತು ಹರೀತದ. ಮೀಟಿ ತುರಕಬ್ಯಾಡ, ಎಲ್ಲಾ ತಂತಿ ಕೂಡಿದ್ರ ಸುಮಾರು 18 ಟನ್ ಎಳತ ಅದ. ಬರಿಗೈಲೆ ಮುಟ್ಟಿದ್ರ ಬೆವರಿಗೆ ಜಂಗ್ ಹಿಡೀತದ. ಮೊದಲ ಹಾಲಿನ ಮಾಲಕರನ್ನ ಕೇಳು.

ಕೀಬೋರ್ಡ್ ಹುಡುಗ, ಹುಬ್ಬಳ್ಳಿ:
ಮಾಲಕರು ಪಿಯಾನೊ ಮ್ಯಾಲ ಚಾ ಕಪ್ ಸೈತ ಇಡಗೊಡಂಗಿಲ್ಲ ಕಾಕಾ 😄 ಮನ್ಯಾಗ ಹಳೇ ಬುಲ್‌ಬುಲ್ ತರಂಗ್ (ಗುಂಡಿ ಒತ್ತಿ ತಂತಿ ಮೀಟೋ ವಾದ್ಯ) ಐತಿ, ನಡೀತೈತೇನು?

ಪೇಟಿ ರಿಪೇರಿ, ಧಾರವಾಡ:
ನಡೀತದ. ಎಲ್ಲಾ ತಂತಿಗೆ ತುರಕಬ್ಯಾಡ, ಅರ್ಧ ಹಂಗ ಬಿಡು. ಮತ್ತ ಫೋನ್ ತಂತಿಗೆ ಸಮೀಪ ಇಟ್ಟು ರೆಕಾರ್ಡ್ ಮಾಡು, ಸಣ್ಣ ಗರ್‌ಗರ್ ದೂರಕ್ಕ ಸಿಗೂದಿಲ್ಲ.